ಕೆಲಸ ಬಿಡದೆ ಬಿಇ ಮಾಡಬೋದಾ? ಫ್ಯಾಕ್ಟರಿ ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಲಿ ಡಿಪ್ಲೊಮಾ ಮುಗಿಸಿ ನೇರ ಶಾಪ್‌ಫ್ಲೋರಿಗೆ ಇಳಿದ ಹುಡುಗ ಹುಡುಗೀರು ಮುಂದಿನ ಓದನ್ನ ಕೈಬಿಡಬೇಡಿ ಅಂತ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳು ಎಷ್ಟಿದಾವೆ ಅಂದ್ರೆ ಈ ಸಲದ ಪೂರ್ತಿ ಅಂಕಣ ಇದೊಂದೇ ವಿಷಯಕ್ಕೆ ಇಟ್ಟಿದೀನಿ. ಕಂಪ್ನಿಲಿ ಗೊತ್ತಾಗೋದು ಬೇಡ, ಹೆಸರು ಹಾಕ್ಬೇಡಿ ಅಂತ ಸುಮಾರು ಜನ ಕೇಳ್ಕೊಂಡಿದಾರೆ, ಹಾಗಾಗಿ ಊರು ಮಾತ್ರ ಕೊಟ್ಟಿದೀನಿ.

ಪ್ರಶ್ನೆ: ನಮಸ್ಕಾರ ಸರ್. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ ಪೀಣ್ಯದಲ್ಲಿ ವಿಎಂಸಿ ಸೆಟ್ಟರ್ ಆಗಿದೀನಿ, ಅಂದ್ರೆ ಲೋಹ ಕಡಿಯೋ ಕಂಪ್ಯೂಟರ್ ಮೆಷಿನ್‌ಗೆ ಟೂಲ್, ಜಾಬ್ ಜೋಡಿಸಿ ಕೊಡೋ ಕೆಲಸ. ನಮ್ಮಲ್ಲಿ ಪ್ರೊಡಕ್ಷನ್ ಇಂಜಿನಿಯರ್ ಪೋಸ್ಟಿಗೆ ಬಿಇ ಕೇಳ್ತಾರೆ, ನಾನೇ ಕೆಲಸ ಕಲಿಸಿದ ಫ್ರೆಶರ್‌ಗಳು ಎರಡು ವರ್ಷದಲ್ಲಿ ನನ್ನ ಮೇಲೆ ಹೋಗಿ ಕೂತ್ಕೋತಾರೆ. ಮನೆ ನಡೀಬೇಕು, ಕೆಲಸ ಬಿಡಕ್ಕಾಗಲ್ಲ. ಒಬ್ಬರು ಪರಿಚಯದವರು ಒಂದೇ ವರ್ಷದಲ್ಲಿ ಬಿಟೆಕ್ ಕೊಡಿಸ್ತೀನಿ, ಕ್ಲಾಸಿಗೆ ಬರೋದೇ ಬೇಡ, ಕ್ರೆಡಿಟ್ ಟ್ರಾನ್ಸ್‌ಫರ್ ಅಂತ ಮಾಡಿಸ್ತಾರೆ ಅಂತಿದಾರೆ. ಮಾಡಬೋದಾ? ಯಾವ ಬ್ರಾಂಚ್ ತಗೊಂಡ್ರೆ ಒಳ್ಳೇದು? (ಪೀಣ್ಯ, ಬೆಂಗಳೂರು)

ಉತ್ತರ: ಆ ಪರಿಚಯದವರಿಗೆ ಒಂದು ರೂಪಾಯಿನೂ ಕೊಡ್ಬೇಡಿ. ಅಡ್ವಾನ್ಸ್ ಕೊಟ್ಟಿದ್ರೆ ಇವತ್ತೇ ವಾಪಸ್ ಕೇಳಿ. ಕ್ರೆಡಿಟ್ ಟ್ರಾನ್ಸ್‌ಫರ್ ಅನ್ನೋದು ನಿಜವಾಗ್ಲೂ ಇರೋ ವ್ಯವಸ್ಥೆನೇ, ಆದ್ರೆ ಅದು ಒಂದು ಕಾಲೇಜಲ್ಲಿ ಓದಿ ಪಾಸ್ ಮಾಡಿದ ಸಬ್ಜೆಕ್ಟನ್ನ ಇನ್ನೊಂದು ಕಡೆ ಲೆಕ್ಕಕ್ಕೆ ತಗೊಳ್ಳೋದು, ಓದದೇ ಇರೋದಕ್ಕೆ ಮಾರ್ಕ್ಸ್ ಕಾರ್ಡ್ ಕೊಡೋದಲ್ಲ. ಏಜೆಂಟ್‌ಗಳು ಆ ಹೆಸರು ಹೇಳ್ಕೊಂಡು ಹಳೇ ತಾರೀಖಿನ ಮಾರ್ಕ್ಸ್ ಕಾರ್ಡ್ ಮಾರ್ತಾರೆ, ಮುಂದೆ ಒಂದಿನ ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್‌ನಲ್ಲಿ ಸಿಕ್ಕಿಬಿದ್ರೆ ಡಿಗ್ರಿ ಹೋಗೋದಷ್ಟೇ ಅಲ್ಲ, ಇರೋ ಕೆಲಸನೂ ಹೋಗತ್ತೆ, ಪೊಲೀಸ್ ಕೇಸ್ ಆದ್ರೂ ಆಯ್ತು.

ಇಂಜಿನಿಯರಿಂಗ್ ಡಿಗ್ರಿನ ದೂರಶಿಕ್ಷಣದಲ್ಲಿ ಮಾಡೋದಕ್ಕೆ ನಮ್ಮ ದೇಶದಲ್ಲಿ ಮಾನ್ಯತೆ ಇಲ್ಲ, ಇದನ್ನ ದಯವಿಟ್ಟು ಎಲ್ಲಾ ಓದುಗರೂ ನೆನಪಿಟ್ಕೊಳ್ಳಿ. 2017ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಡ್ತು. ಕೆಲವು ಡೀಮ್ಡ್ ಯೂನಿವರ್ಸಿಟಿಗಳು ಅನುಮತಿ ಇಲ್ದೆ ದೂರಶಿಕ್ಷಣದಲ್ಲಿ ಇಂಜಿನಿಯರಿಂಗ್ ಡಿಗ್ರಿ ಕೊಟ್ಟಿದ್ವು. 2001ರಿಂದ 2005ರವರೆಗೆ ಸೇರಿದವರ ಡಿಗ್ರಿನ ತಡೆಹಿಡಿದು, ತಾಂತ್ರಿಕ ಶಿಕ್ಷಣ ನೋಡ್ಕೊಳ್ಳೋ ಕೇಂದ್ರದ ಸಂಸ್ಥೆ ಎಐಸಿಟಿಇ ನಡೆಸೋ ಪರೀಕ್ಷೆ ಪಾಸಾದ್ರೆ ಮಾತ್ರ ವಾಪಸ್ ಅಂದ್ರು, ಅದಾದ್ಮೇಲೆ ಸೇರಿದವರದ್ದು ರದ್ದೇ ಆಗೋಯ್ತು, ಆ ಡಿಗ್ರಿ ತೋರಿಸಿ ಪಡೆದ ಪ್ರಮೋಷನ್‌ಗಳೂ ಹೋದ್ವು. ಅವರಲ್ಲಿ ಬಹಳ ಜನ ನಿಮ್ಮ ಥರನೇ ಕೆಲಸ ಮಾಡ್ಕೊಂಡು ಓದಿದವರು, ಮೋಸ ಮಾಡಬೇಕು ಅಂತ ಹೋದವರಲ್ಲ, ಸೇರೋ ಮುಂಚೆ ಇದಕ್ಕೆ ಮಾನ್ಯತೆ ಇದೆಯಾ ಅಂತ ಹೇಳೋರು ಯಾರೂ ಇರ್ಲಿಲ್ಲ ಅವರಿಗೆ, ಅದನ್ನ ನೆನೆಸ್ಕೊಂಡ್ರೆ ನಂಗೆ ಈಗ್ಲೂ ಹೊಟ್ಟೆ ಉರಿಯತ್ತೆ.

ಈಗ ನೇರವಾದ ದಾರಿ ಹೇಳ್ತೀನಿ. 2023-24ನೇ ಸಾಲಿಂದ ಎಐಸಿಟಿಇ ಇಂಜಿನಿಯರಿಂಗ್ ಕಾಲೇಜುಗಳಿಗೆ ವರ್ಕಿಂಗ್ ಪ್ರೊಫೆಷನಲ್ಸ್ ಅಂತಾನೇ ಬೇರೆ ಬ್ಯಾಚ್ ನಡೆಸಕ್ಕೆ ಅನುಮತಿ ಕೊಡ್ತಿದೆ. ಕ್ಲಾಸ್ ಸಂಜೆ, ಅಥವಾ ಕಾಲೇಜು ಗೊತ್ತುಮಾಡಿದ ಅನುಕೂಲದ ಟೈಮಲ್ಲಿ. ಸೇರಕ್ಕೆ ಕಮ್ಮಿ ಅಂದ್ರೂ ಒಂದು ವರ್ಷ ಫುಲ್ ಟೈಮ್ ಕೆಲಸದ ಅನುಭವ ಬೇಕು, ಕೆಲಸ ಮಾಡೋ ಕಂಪ್ನಿ ರಿಜಿಸ್ಟರ್ ಆಗಿರ್ಬೇಕು, ಸಣ್ಣ ಎಂಎಸ್‌ಎಂಇ ಆದ್ರೂ ನಡಿಯತ್ತೆ, ಮತ್ತೆ ಕಂಪ್ನಿ ಕಾಲೇಜಿಂದ ಇಷ್ಟು ದೂರದ ಒಳಗೇ ಇರ್ಬೇಕು ಅಂತ ಒಂದು ಮಿತಿ ಇದೆ. ಡಿಪ್ಲೊಮಾ ಆಗಿರೋದ್ರಿಂದ ನಿಮಗೆ ನೇರ ಎರಡನೇ ವರ್ಷಕ್ಕೆ ಲ್ಯಾಟರಲ್ ಎಂಟ್ರಿ, ಅಂದ್ರೆ ಆರು ಸೆಮಿಸ್ಟರ್, ಮೂರು ವರ್ಷ. ಡಿಪ್ಲೊಮಾದವರ ಲ್ಯಾಟರಲ್ ಸೀಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಡಿಸಿಇಟಿ ಅನ್ನೋ ಪ್ರವೇಶ ಪರೀಕ್ಷೆ ನಡೆಸತ್ತೆ ಅಂತ ನಿಮಗೆ ಗೊತ್ತಿರತ್ತೆ, ಆ ವರ್ಷದ ಬ್ರೋಷರನ್ನ ಮೊದಲಿಂದ ಕೊನೆವರೆಗೂ ಕೂತು ಓದಿ, ಸ್ನೇಹಿತ ಹೇಳಿದ್ದನ್ನ ನಂಬ್ಕೊಂಡು ಅರ್ಜಿ ಹಾಕ್ಬೇಡಿ.

ಸೇರೋ ಮುಂಚೆ ಎಐಸಿಟಿಇ ಅನುಮೋದಿತ ಕಾಲೇಜುಗಳ ಪಟ್ಟಿಲಿ ಕಾಲೇಜಿನ ಹೆಸರು ಮಾತ್ರ ನೋಡಿದ್ರೆ ಸಾಲ್ದು. ಆ ವರ್ಷಕ್ಕೆ, ಆ ಬ್ರಾಂಚಿಗೆ, ವರ್ಕಿಂಗ್ ಪ್ರೊಫೆಷನಲ್ಸ್ ಬ್ಯಾಚಿಗೆ ಅನುಮತಿ ಇದೆಯಾ ಅಂತ ನೋಡಿ. ಆಮೇಲೆ ಡಿಗ್ರಿ ಕೊಡೋ ಯೂನಿವರ್ಸಿಟಿ ಯಾವುದು ಅಂತ ಕೇಳಿ, ವಿಟಿಯು ಆದ್ರೆ ವಿಟಿಯು, ಇಲ್ಲಾಂದ್ರೆ ಯಾವುದು. ಯುಜಿಸಿ ನಕಲಿ ಯೂನಿವರ್ಸಿಟಿಗಳ ಪಟ್ಟಿನೂ ಪ್ರಕಟ ಮಾಡತ್ತೆ, ಎರಡು ನಿಮಿಷದ ಕೆಲಸ, ನೋಡಿಬಿಡಿ.

ಬ್ರಾಂಚ್ ಬಗ್ಗೆನೂ ಕೇಳಿದೀರ. ಇಂಡಸ್ಟ್ರಿಯಲ್ ಅಂಡ್ ಪ್ರೊಡಕ್ಷನ್ ಸಿಕ್ಕಿದ್ರೆ ನಿಮ್ಮ ಕೆಲಸಕ್ಕೆ ಬಹಳ ಹತ್ತಿರ, ಆದ್ರೆ ಸಂಜೆ ಬ್ಯಾಚಲ್ಲಿ ಅದು ಸಿಗೋದು ಕಷ್ಟ, ಮೆಕ್ಯಾನಿಕಲ್ ಸಿಕ್ಕಿದ್ರೆ ತಗೊಳ್ಳಿ, ಮ್ಯಾನುಫ್ಯಾಕ್ಚರಿಂಗ್ ಸಬ್ಜೆಕ್ಟ್‌ಗಳನ್ನ ಎಲೆಕ್ಟಿವ್ ತಗೋಬೋದು.

ನಿಮಗೆ ನಿಜವಾಗ್ಲೂ ತಲೆನೋವಾಗೋದು ಶಿಫ್ಟ್. ಫಸ್ಟ್ ಶಿಫ್ಟ್ ಆರರಿಂದ ಎರಡು ಗಂಟೆ, ಅದಾದ್ರೆ ಸಂಜೆ ಕ್ಲಾಸಿಗೆ ಆರಾಮಾಗಿ ಹೋಗಬೋದು, ಮಧ್ಯ ಒಂದು ಗಂಟೆ ನಿದ್ದೆನೂ ಮಾಡ್ಬೋದು. ಜನರಲ್ ಶಿಫ್ಟ್ ಆದ್ರೆ ಕಾಲೇಜು ಗ್ರೀನ್ ಲೈನ್ ಮೆಟ್ರೋ ಹತ್ರ ಇರೋದನ್ನೇ ಆರಿಸ್ಕೊಳ್ಳಿ, ಪೀಣ್ಯದಿಂದ ಹತ್ತಿದ್ರೆ ಬಸವನಗುಡಿ ಕಡೆವರೆಗೂ ಒಂದೇ ಟ್ರೇನು, ತುಮಕೂರು ರೋಡ್ ಟ್ರಾಫಿಕ್ಕಲ್ಲಿ ಬೈಕ್ ಓಡಿಸಿ ಕ್ಲಾಸಿಗೆ ಹೋಗಿ ಕೂತ್ರೆ ತಲೆಗೆ ಏನೂ ಹತ್ತಲ್ಲ. ಸೆಕೆಂಡ್ ಶಿಫ್ಟ್ ಬಂದ ವಾರ ಮಾತ್ರ ಕ್ಲಾಸ್ ಪೂರ್ತಿ ತಪ್ಪತ್ತೆ, ಮೂರು ವಾರಕ್ಕೊಂದು ವಾರ ಹಂಗೇ ತಪ್ತಾ ಹೋದ್ರೆ ಅಟೆಂಡೆನ್ಸ್ ಶಾರ್ಟೇಜ್ ಗ್ಯಾರಂಟಿ. ಅದಕ್ಕೇ ಫೀಸ್ ಕಟ್ಟೋ ಮುಂಚೆನೇ ಪ್ಲಾಂಟ್ ಹೆಡ್ ಹತ್ರ ಮಾತಾಡಿ. ಬಾಯಿ ಮಾತಲ್ಲಿ ಆಯ್ತು ನೋಡೋಣ ಅಂದ್ರೆ ನಂಬ್ಕೊಂಡು ಕೂರ್ಬೇಡಿ, ಸೂಪರ್‌ವೈಸರ್ ಬದಲಾದ್ರೆ ಆ ಮಾತೂ ಬದಲಾಗತ್ತೆ. ಸೆಮಿಸ್ಟರ್ ಇರೋ ತಿಂಗಳುಗಳಲ್ಲಿ ಫಸ್ಟ್ ಶಿಫ್ಟ್ ಕೊಡ್ತೀವಿ, ಎಕ್ಸಾಮ್ ದಿನ ರಜೆ ಕೊಡ್ತೀವಿ ಅಂತ ಎನ್‌ಒಸಿ ಲೆಟರಲ್ಲೇ ಬರೆಸ್ಕೊಳ್ಳಿ. ಅದಕ್ಕೆ ಬದಲಾಗಿ ಸೆಮಿಸ್ಟರ್ ರಜೆಲಿ ನೈಟ್ ಶಿಫ್ಟ್ ನಾನು ಮಾಡ್ತೀನಿ ಅಂತ ನೀವೇ ಮುಂದೆ ಬಂದು ಹೇಳಿ, ಬಹಳ ಕಡೆ ಒಪ್ಕೋತಾರೆ, ಯಾಕಂದ್ರೆ ಒಳ್ಳೆ ಸೆಟ್ಟರ್‌ನ ಕಳ್ಕೊಳ್ಳೋದು ಯಾವ ಪ್ಲಾಂಟಿಗೂ ಬೇಡ.

ಇನ್ನೊಂದು ಮಾತು, ನೀವು ಕಂಪ್ನಿ ರೋಲಲ್ಲಿದೀರೋ ಕಾಂಟ್ರಾಕ್ಟರ್ ರೋಲಲ್ಲಿದೀರೋ ಅಂತ ಪತ್ರದಲ್ಲಿ ಬರೆದಿಲ್ಲ. ಪೀಣ್ಯದಲ್ಲಿ ವರ್ಷಗಟ್ಟಲೆ ಒಂದೇ ಮೆಷಿನ್ ಮುಂದೆ ನಿಂತವರಿಗೂ ಸಂಬಳ ಕಾಂಟ್ರಾಕ್ಟರ್ ಕಡೆಯಿಂದ ಬರ್ತಿರತ್ತೆ, ಸರ್ವಿಸ್ ಸರ್ಟಿಫಿಕೇಟ್ ಕೇಳಕ್ಕೆ ಹೋದಾಗಲೇ ಅದು ಗೊತ್ತಾಗೋದು. ಪಿಎಫ್ ಪಾಸ್‌ಬುಕ್ ತೆಗೆದು ನೋಡಿ, ಅಲ್ಲಿ ಯಾರ ಹೆಸರಿದೆಯೋ ಅವರೇ ನಿಮ್ಮ ಅನುಭವಕ್ಕೆ ಪತ್ರ ಕೊಡ್ಬೇಕಾದವರು.

ಪ್ರಶ್ನೆ: ಸರ್ ನಮಸ್ಕಾರ್ರಿ, ನಾ ಐಟಿಐ ಫಿಟ್ಟರ್ ಮಾಡೇನ್ರಿ, ಉದ್ಯಮಬಾಗದಾಗ ಒಂದ್ ಫೌಂಡ್ರಿಯೊಳಗ ಕೆಲಸಾ ಮಾಡಾಕತ್ತೇನಿ. ಡಿಪ್ಲೊಮಾ ಆಗಿಲ್ಲ. ನನ್ನಂಥವ್ರಿಗೂ ಡಿಗ್ರಿ ಆಗತೈತೇನ್ರಿ, ಇಲ್ಲಾ ಆಸೇನ ಬಿಡಬೇಕೇನು? (ಬೆಳಗಾವಿ)

ಉತ್ತರ: ಆಸೆ ಬಿಡ್ಬೇಡಿ. ಎರಡು ವರ್ಷದ ಐಟಿಐ ಆದವರಿಗೆ ಪಾಲಿಟೆಕ್ನಿಕ್‌ನಲ್ಲಿ ನೇರ ಎರಡನೇ ವರ್ಷಕ್ಕೆ ಲ್ಯಾಟರಲ್ ಎಂಟ್ರಿ ಇದೆ, ಎಐಸಿಟಿಇಯ ವರ್ಕಿಂಗ್ ಪ್ರೊಫೆಷನಲ್ಸ್ ಅನುಮತಿ ಡಿಪ್ಲೊಮಾ ಕೋರ್ಸುಗಳಿಗೂ ಇದೆ. ಹಾಗಾಗಿ ಡಿಪ್ಲೊಮಾ ಎರಡು ವರ್ಷ, ಆಮೇಲೆ ಬಿಇ ಮೂರು ವರ್ಷ, ಒಟ್ಟು ಐದು. ಉದ್ದ ದಾರಿ ನಿಜ, ಆದ್ರೆ ಡಿಪ್ಲೊಮಾ ಕೈಗೆ ಬಂದ ತಕ್ಷಣ ನಿಮ್ಮ ಸಂಬಳದ ಮಾತೇ ಬೇರೆ ಆಗತ್ತೆ, ಐದು ವರ್ಷ ಮುಗಿಯೋವರೆಗೂ ಕಾಯ್ಬೇಕಿಲ್ಲ.

ಇನ್ನೊಂದು ದಾರಿ ಬಿ.ವೋಕ್, ಅಂದ್ರೆ ವೃತ್ತಿ ಶಿಕ್ಷಣದ ಡಿಗ್ರಿ. ಯುಜಿಸಿ ಇದನ್ನ 2014ರಲ್ಲಿ ಶುರು ಮಾಡ್ತು, ಮೂರು ವರ್ಷದ ಡಿಗ್ರಿ, ಮಧ್ಯದಲ್ಲಿ ಬಿಡೋ ಪರಿಸ್ಥಿತಿ ಬಂದ್ರೆ ಒಂದು ವರ್ಷಕ್ಕೆ ಡಿಪ್ಲೊಮಾ, ಎರಡು ವರ್ಷಕ್ಕೆ ಅಡ್ವಾನ್ಸ್ಡ್ ಡಿಪ್ಲೊಮಾ ಕೊಟ್ಟು ಕಳಿಸ್ತಾರೆ, ಓದಿದ್ದು ವ್ಯರ್ಥ ಆಗಲ್ಲ. ಮ್ಯಾನುಫ್ಯಾಕ್ಚರಿಂಗ್, ಟೂಲ್ ಅಂಡ್ ಡೈ ಇಂಥ ವಿಷಯಗಳಲ್ಲೂ ಇದೆ. ಇದಕ್ಕೆ ಪಿಯುಸಿ ಆಗಿರ್ಬೇಕು, ಅಥವಾ ಅದಕ್ಕೆ ಸಮ ಅಂತ ಸರ್ಟಿಫಿಕೇಟ್ ಇರ್ಬೇಕು. ಐಟಿಐ ಆದವರು ಕೇಂದ್ರ ಸರ್ಕಾರದ ಮುಕ್ತ ಶಾಲಾ ಸಂಸ್ಥೆ ಎನ್‌ಐಒಎಸ್ ಕಡೆಯಿಂದ ಆ ಸಮಾನತೆ ಮಾಡಿಸ್ಕೋಬೋದು. ಆದ್ರೆ ಸ್ಪಷ್ಟವಾಗಿ ಹೇಳ್ಬಿಡ್ತೀನಿ, ಬಿ.ವೋಕ್ ಅನ್ನೋದು ಬಿಇ ಅಲ್ಲ. ಯಾವುದಾದ್ರೂ ಡಿಗ್ರಿ ಸಾಕು ಅನ್ನೋ ಪೋಸ್ಟುಗಳಿಗೆ ನಡಿಯತ್ತೆ, ಬಿಇ ಅಥವಾ ಬಿಟೆಕ್ ಅಂತಾನೇ ಬರೆದಿರೋ ಜಾಗಕ್ಕೆ ನಡಿಯಲ್ಲ, ಎಂಟೆಕ್‌ಗೂ ಕಷ್ಟ. ನಿಮ್ಮ ವಯಸ್ಸು, ಮನೆ ಜವಾಬ್ದಾರಿ ನೋಡ್ಕೊಂಡು ತೀರ್ಮಾನ ಮಾಡಿ. ನನ್ನ ಕೇಳಿದ್ರೆ ಮೊದಲು ಡಿಪ್ಲೊಮಾ.

ಪ್ರಶ್ನೆ: ಸರ್, ನಮ್ಮ ಚಿಕ್ಕಪ್ಪ ಎಎಂಐಇ ಮಾಡಿ ಇಂಜಿನಿಯರ್ ಆದ್ರು, ಕಾಲೇಜಿಗೆ ಹೋಗದೆ ಮನೇಲೇ ಓದಿ. ನಾನೂ ಅದನ್ನೇ ಮಾಡಬೋದಲ್ವಾ? (ನಂಜನಗೂಡು)

ಉತ್ತರ: ನಿಮ್ಮ ಚಿಕ್ಕಪ್ಪನ ಕಾಲದಲ್ಲಿ ಅದು ಬಹಳ ಗೌರವದ ದಾರಿ. ಎಎಂಐಇ ನಡೆಸೋ ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್ 1920ರಲ್ಲಿ ಶುರುವಾದ ಸಂಸ್ಥೆ, ಆ ಪರೀಕ್ಷೆಯ ಎರಡು ಭಾಗ, ಸೆಕ್ಷನ್ ಎ, ಸೆಕ್ಷನ್ ಬಿ ಎರಡೂ ಪಾಸ್ ಮಾಡೋದು ಬಿಇಗಿಂತ ಕಷ್ಟ ಅಂತಾನೇ ಹೆಸರು, ಹಗಲೆಲ್ಲಾ ಫ್ಯಾಕ್ಟರಿಲಿ ದುಡಿದು ರಾತ್ರಿ ಓದಿ ಪಾಸಾದವರ ಬಗ್ಗೆ ನಂಗೆ ತುಂಬಾ ಅಭಿಮಾನ. ಆದ್ರೆ 2013ರ ಮೇ 31ರವರೆಗೆ ಸೇರಿದವರಿಗೆ ಮಾತ್ರ ಅದು ಬಿಇಗೆ ಸಮ ಅನ್ನೋ ಮಾನ್ಯತೆ. ಈಗ ಸೇರಿದ್ರೆ ಆ ಲಾಭ ಇಲ್ಲ, ಡಿಗ್ರಿಗೋಸ್ಕರ ಅಂದ್ರೆ ಬೇಡ.

ಕಾಲೇಜಿಗೆ ದಿನಾ ಹೋಗಕ್ಕಾಗಲ್ಲ ಅನ್ನೋವ್ರು ಪಿಲಾನಿಯ ಬಿಟ್ಸ್‌ನವರ ವರ್ಕ್ ಇಂಟಿಗ್ರೇಟೆಡ್ ಪ್ರೋಗ್ರಾಂ ನೋಡಬೋದು, 1979ರಿಂದ ನಡೀತಿದೆ, ಕೆಲಸದಲ್ಲಿರೋರಿಗೇ ಅಂತ ಮಾಡಿರೋದು, ಕಂಪ್ನಿಯ ಒಪ್ಪಿಗೆ ಬೇಕು. ಫೀಸ್ ಸಂಜೆ ಕಾಲೇಜಿಗಿಂತ ಜಾಸ್ತಿನೇ ಬೀಳತ್ತೆ, ಕಂಪ್ನಿ ಸ್ಪಾನ್ಸರ್ ಮಾಡತ್ತಾ ಅಂತ ಎಚ್‌ಆರ್ ಹತ್ರ ಕೇಳಿ ನೋಡಿ.

ಪ್ರಶ್ನೆ: ಸರ್, ನಾನು ಟೂಲ್ ಅಂಡ್ ಡೈ ಡಿಪ್ಲೊಮಾ ಮಾಡಿರೋಳು, ಕ್ವಾಲಿಟಿಲಿ ಸಿಎಂಎಂ, ಅಂದ್ರೆ ಪೀಸ್‌ಗಳ ಅಳತೆ ನೋಡೋ ಮೆಷಿನ್ ಆಪರೇಟರ್. ಸೇರ್ಬೇಕು ಅಂತ ತುಂಬಾ ಆಸೆ, ಆದ್ರೆ ಮ್ಯಾತ್ಸ್ ಅಂದ್ರೆ ಕೈಕಾಲು ತಣ್ಣಗಾಗತ್ತೆ. ಓದು ಬಿಟ್ಟು ವರ್ಷಗಳಾಯ್ತು, ಇಂಟಿಗ್ರೇಷನ್ ಒಂದೂ ನೆನಪಿಲ್ಲ. ಮೆಷಿನ್ ಮುಂದೆ ಎಲ್ಲಾ ಗೊತ್ತಿರೋವಾಗ ಇದೆಲ್ಲ ಯಾಕೆ ಬೇಕು ಅಂತಾನೂ ಅನ್ಸತ್ತೆ. (ಮೈಸೂರು)

ಉತ್ತರ: ಬಂದ ಪತ್ರಗಳಲ್ಲಿ ನಂಗೆ ತುಂಬಾ ಇಷ್ಟ ಆಗಿದ್ದು ನಿಮ್ಮದಮ್ಮ. ಕೆಲಸ ಮಾಡ್ತಾ ಓದೋವ್ರು ಎಡವೋದು ಬಹುಪಾಲು ಇಲ್ಲೇ, ವರ್ಕ್‌ಶಾಪ್ ಸಬ್ಜೆಕ್ಟಲ್ಲಿ ಯಾರೂ ಫೇಲಾಗಲ್ಲ, ಮ್ಯಾತ್ಸ್ ಒಂದು ಬ್ಯಾಕ್ ಉಳ್ಕೊಂಡು ಅದೇ ವರ್ಷಗಟ್ಟಲೆ ಎಳೀತಾ ಇರತ್ತೆ. ಲ್ಯಾಟರಲ್ ಎಂಟ್ರಿಲಿ ಮೊದಲ ವರ್ಷದ ಗಣಿತ ತಪ್ಪಿಹೋಗಿರತ್ತಲ್ಲ, ಅದನ್ನ ತುಂಬಕ್ಕೆ ಅಂತಾನೇ ವಿಟಿಯು ಡಿಪ್ಲೊಮಾದವರಿಗೆ ಅಡಿಷನಲ್ ಮ್ಯಾಥಮ್ಯಾಟಿಕ್ಸ್ ಪೇಪರ್ ಇಟ್ಟಿತ್ತು, ಹುಡುಗರು ಮ್ಯಾಟ್‌ಡಿಪ್ ಅಂತಾರೆ, ನಿಮ್ಮ ಸ್ಕೀಮಲ್ಲಿ ಹೇಗಿದೆ ಅಂತ ಕಾಲೇಜಲ್ಲಿ ಕೇಳಿ. ಕ್ರೆಡಿಟ್ ಇಲ್ಲ ಅಂತ ಅದನ್ನ ಕೊನೆಗೆ ನೋಡ್ಕೊಳ್ಳೋಣ ಅಂತ ಬಿಡೋವ್ರೇ ಜಾಸ್ತಿ. ಹಂಗೆ ಮಾಡ್ಬೇಡಿ, ಮೊದಲು ಮುಗಿಸ್ಬೇಕಾದ್ದೇ ಅದು. ಅಡ್ಮಿಷನ್‌ಗೆ ನಾಲ್ಕು ತಿಂಗಳು ಮುಂಚೆನೇ ಪಿಯುಸಿ ಗಣಿತದ ಪುಸ್ತಕ ತಗೊಂಡು ಡಿಫರೆನ್ಷಿಯೇಷನ್, ಇಂಟಿಗ್ರೇಷನ್, ಮ್ಯಾಟ್ರಿಕ್ಸ್ ಈ ಮೂರು ಮಾತ್ರ ದಿನಾ ಅರ್ಧ ಗಂಟೆ ಮಾಡಿ, ಓದೋದಲ್ಲ, ಪೆನ್ನು ಹಿಡಿದು ಲೆಕ್ಕ ಮಾಡೋದು.

ಇನ್ನು ಯಾಕೆ ಬೇಕು ಅನ್ನೋದು. ನಿಮ್ಮ ಶಾಪ್‌ಫ್ಲೋರಲ್ಲಿ ದಿನಾ ನಡಿಯೋದೇ ತಗೊಳ್ಳೋಣ. ತಿಂಗಳ ಕೊನೆ ಬಂತು, ಡಿಸ್‌ಪ್ಯಾಚ್ ಒತ್ತಡ, ಸೂಪರ್‌ವೈಸರ್ ಬಂದು ಮೆಷಿನ್ ತಿರುಗೋ ವೇಗ ಏರಿಸಿ ಇಳಿಸೋ ಸ್ಪಿಂಡಲ್ ಓವರ್‌ರೈಡ್ ನಾಬನ್ನ ನೂರರಿಂದ ನೂರಿಪ್ಪತ್ತಕ್ಕೆ ತಿರುಗಿಸಿ ಹೋಗ್ತಾರೆ. ಕಟಿಂಗ್ ಸ್ಪೀಡ್ ನಿಮಿಷಕ್ಕೆ 200 ಮೀಟರ್ ಇದ್ದದ್ದು 240 ಆಯ್ತು. ಇನ್ಸರ್ಟ್, ಅಂದ್ರೆ ಲೋಹ ಕಡಿಯೋ ಟೂಲಿನ ಬದಲಾಯಿಸೋ ತುದಿ, ಬೇಗ ಸವೆಯತ್ತೆ ಅಂತ ಆಪರೇಟರಿಗೂ ಗೊತ್ತು, ನಿಮಗೂ ಗೊತ್ತು, ಎಷ್ಟು ಬೇಗ ಅಂತ ಹೇಳೋರು ಯಾರು? ಎಫ್. ಡಬ್ಲ್ಯೂ. ಟೇಲರ್ 1907ರಲ್ಲೇ ಇದಕ್ಕೊಂದು ಸಮೀಕರಣ ಕೊಟ್ಟಿದಾರೆ, ಸ್ಪೀಡನ್ನ ಟೂಲ್ ಲೈಫಿನ ಒಂದು ಘಾತದಿಂದ ಗುಣಿಸಿದ್ರೆ ಬರೋದು ಸ್ಥಿರ ಸಂಖ್ಯೆ ಅಂತ. ಕಾರ್ಬೈಡ್ ಇನ್ಸರ್ಟಿಗೆ ಆ ಘಾತ 0.25 ಅಂತ ಇಟ್ಕೊಳ್ಳಿ, ಆಗ ಸ್ಪೀಡ್ 1.2 ಪಟ್ಟು ಆದ್ರೆ ಟೂಲ್ ಲೈಫ್ 1.2ರ ನಾಲ್ಕನೇ ಘಾತದಷ್ಟು ಕಮ್ಮಿ ಆಗತ್ತೆ, ಅಂದ್ರೆ ಸುಮಾರು 2.07ರಿಂದ ಭಾಗಿಸ್ಬೇಕು. 40 ನಿಮಿಷ ಬರ್ತಿದ್ದ ಎಡ್ಜ್ 19 ನಿಮಿಷಕ್ಕೆ ಮುಗೀತು. ಆಪರೇಟರ್ ಮಾತ್ರ ಹಳೇ ಲೆಕ್ಕದಲ್ಲಿ 40 ನಿಮಿಷಕ್ಕೇ ಇನ್ಸರ್ಟ್ ತಿರುಗಿಸ್ತಾರೆ, ಮಧ್ಯ ಬಂದ ಪೀಸ್‌ಗಳೆಲ್ಲ ಸೈಜ್ ತಪ್ಪಿ, ಫಿನಿಶ್ ಹೋಗಿ, ನಿಮ್ಮ ಸಿಎಂಎಂ ಟೇಬಲ್ ಮೇಲೆ ಬಂದು ಬೀಳ್ತವೆ, ಆಮೇಲೆ ಕ್ವಾಲಿಟಿಯವರು ಸುಮ್ಮಸುಮ್ಮನೆ ರಿಜೆಕ್ಟ್ ಮಾಡ್ತಾರೆ ಅಂತ ಜಗಳ.

ಆ ಜಗಳದಲ್ಲಿ ನಿಮ್ಮ ಕೈಲಿ ಈ ಲೆಕ್ಕ ಇದ್ರೆ ಮಾತು ಬೇರೆ ಆಗತ್ತೆ. ಎರಡು ಬೇರೆ ಸ್ಪೀಡಲ್ಲಿ ಇನ್ಸರ್ಟ್ ಎಷ್ಟೆಷ್ಟು ನಿಮಿಷ ಬಂತು ಅಂತ ಬರ್ಕೊಂಡ್ರೆ ನಿಮ್ಮ ಮೆಟೀರಿಯಲ್‌ಗೆ, ನಿಮ್ಮ ಕೂಲೆಂಟಿಗೆ ಆ ಘಾತ ಎಷ್ಟು ಅಂತ ಲಾಗರಿದಮ್ ಹಾಕಿ ನೀವೇ ಕಂಡುಹಿಡೀಬೋದು. ಪ್ರೊಡಕ್ಷನ್ ಇಂಜಿನಿಯರ್ ಅಂದ್ರೆ ಈ ಕೆಲಸನೇ. ಕೈಗೆ ಗೊತ್ತಿರೋದನ್ನ ನಂಬರಲ್ಲಿ ಹೇಳಕ್ಕೆ ಬಂದ್ರೆ ಮೀಟಿಂಗಲ್ಲಿ ನಿಮ್ಮ ಮಾತಿಗೆ ಎದುರು ಮಾತಾಡೋರಿಲ್ಲ. ನೀವು ದಿನಾ ತೆಗೆಯೋ ಸಿಎಂಎಂ ರಿಪೋರ್ಟಲ್ಲೇ ಪೊಸಿಷನ್, ಫ್ಲ್ಯಾಟ್‌ನೆಸ್, ಸಿಪಿಕೆ (ಪೀಸ್‌ಗಳು ಅಳತೆ ಮಿತಿಯೊಳಗೆ ಎಷ್ಟು ಸ್ಥಿರವಾಗಿ ಬರ್ತಿವೆ ಅನ್ನೋ ಅಂಕಿ) ಎಲ್ಲಾ ಇದೆ, ಸಿಪಿಕೆ 1.33 ಬೇಕು ಅಂತ ಕಸ್ಟಮರ್ ಯಾಕೆ ಹಠ ಹಿಡೀತಾರೆ ಅನ್ನೋದು ಸ್ಟ್ಯಾಟಿಸ್ಟಿಕ್ಸ್ ಪೇಪರಲ್ಲಿ ಬರತ್ತೆ, ದಿನಾ ಕೂತು ಓದೋ ಹುಡುಗರಿಗೆ ಅದು ಬರೀ ಫಾರ್ಮುಲಾ, ನಿಮಗೆ ಅದು ನೆನ್ನೆ ರಿಜೆಕ್ಟ್ ಆದ ಲಾಟು. ಖಂಡಿತ ಸೇರಿ.

ಪ್ರಶ್ನೆ: ಸರ್, ನಮ್ಮನೆಯವರು ವಸಂತನರಸಾಪುರದಲ್ಲಿ ಕೆಲಸ ಮಾಡ್ಕೊಂಡು ಸಂಜೆ ಬಿಇಗೆ ಸೇರಿದಾರೆ. ಮನೆಗೆ ಬರೋದು ರಾತ್ರಿ ಹತ್ತಾಗತ್ತೆ. ಮಗೂಗೆ ಎರಡು ವರ್ಷ, ಅಪ್ಪನ್ನ ಭಾನುವಾರ ಮಾತ್ರ ನೋಡೋದು, ಆ ಭಾನುವಾರನೂ ಅವರು ಅಸೈನ್‌ಮೆಂಟ್ ಅಂತ ಕೂರ್ತಾರೆ. ಓದ್ಬೇಡಿ ಅನ್ನಕ್ಕೆ ಮನಸಿಲ್ಲ, ನಂಗೂ ಸಾಕಾಗಿದೆ. (ತುಮಕೂರು)

ಉತ್ತರ: ನಿಮ್ಮ ಪತ್ರ ಓದಿ ಸುಮ್ನೆ ಕೂತಿದ್ದೆ ಸ್ವಲ್ಪ ಹೊತ್ತು. ಡಿಗ್ರಿ ಸರ್ಟಿಫಿಕೇಟಲ್ಲಿ ಅವರೊಬ್ಬರ ಹೆಸರು ಬರತ್ತೆ, ದುಡೀತಿರೋದು ಇಬ್ಬರು. ಈ ಉತ್ತರ ನಿಮ್ಮನೆಯವರಿಗೂ ತೋರಿಸಿ.

ಭಾನುವಾರ ಬೆಳಿಗ್ಗೆಯಿಂದ ಮಧ್ಯಾಹ್ನ ಊಟದವರೆಗೂ ಪುಸ್ತಕ ಮುಟ್ಟಬಾರದು, ಅದು ನಿಮ್ಮದು ಮತ್ತೆ ಮಗೂದು. ಅಸೈನ್‌ಮೆಂಟ್, ಲ್ಯಾಬ್ ರೆಕಾರ್ಡ್ ಇವನ್ನ ಫ್ಯಾಕ್ಟರಿ ಬಸ್ಸಲ್ಲಿ, ಊಟದ ಬ್ರೇಕಲ್ಲಿ ಸ್ವಲ್ಪ ಸ್ವಲ್ಪ ಮುಗಿಸ್ಬೋದು, ಅದಕ್ಕೆ ಪೂರ್ತಿ ಭಾನುವಾರ ಬೇಕಾಗಿಲ್ಲ, ಬೇಕಾಗೋದು ಎಕ್ಸಾಮ್ ಮುಂಚಿನ ಮೂರು ನಾಲ್ಕು ವಾರ ಮಾತ್ರ. ಆ ವಾರಗಳಿಗೆ ನಿಮ್ಮಮ್ಮನೋ ಅತ್ತೆನೋ ಬಂದು ಇರೋ ಹಾಗೆ ಮೊದಲೇ ಮಾತಾಡಿಟ್ಕೊಳ್ಳಿ. ಓವರ್‌ಟೈಮ್ ಮಾಡ್ತಿದ್ರೆ ಸೆಮಿಸ್ಟರ್ ನಡೀತಿರೋವಾಗ ಬಿಡ್ಲಿ. ಓಟಿಗೆ ಡಬಲ್ ರೇಟು, ಆ ದುಡ್ಡು ಬಿಡೋದು ಕಷ್ಟ ಅಂತ ಗೊತ್ತು, ಆದ್ರೆ ಎಂಟು ಗಂಟೆ ಕೆಲಸ, ಮೂರು ಗಂಟೆ ಕ್ಲಾಸು, ಅದರ ಮೇಲೆ ಓಟಿ ಅಂದ್ರೆ ನಿದ್ದೆಗೆಟ್ಟ ಮನುಷ್ಯ ಪ್ರೆಸ್ಸು, ಲೇತು ಮುಂದೆ ನಿಲ್ತಾರೆ, ಬೆರಳು ಹೋದ್ರೆ ಯಾವ ಡಿಗ್ರಿ ಬಂದೂ ಏನು ಪ್ರಯೋಜನ. ಇದರಲ್ಲಿ ಮುಲಾಜು ಬೇಡ. ಒಂದು ಸೆಮಿಸ್ಟರಲ್ಲಿ ಎರಡು ಪೇಪರ್ ಬಿಟ್ಟು ಮುಂದಿನ ಸಲ ಬರೀತೀನಿ ಅಂದ್ರೂ ಒಪ್ಕೊಳ್ಳಿ, ಮೂರು ವರ್ಷದ್ದು ಮೂರೂವರೆ ಆಗ್ಲಿ.

ಪ್ರಶ್ನೆ: ಸರ್, ಫೈನಲ್ ಇಯರ್‌ಗೆ ಬಂದಿದೀನಿ, ಬೊಮ್ಮಸಂದ್ರದಲ್ಲಿ ಕೆಲಸ. ಪ್ರಾಜೆಕ್ಟ್ ಹೊರಗಡೆ ದುಡ್ಡು ಕೊಟ್ಟು ಮಾಡಿಸ್ಕೊಳ್ಳೋಣ ಅಂತಿದಾರೆ ಬ್ಯಾಚಿನವರು. ಟೈಮ್ ಇಲ್ಲ, ಏನು ಮಾಡ್ಲಿ?

ಉತ್ತರ: ಕೊಂಡ್ಕೊಂಡ ಪ್ರಾಜೆಕ್ಟ್ ವೈವಾದಲ್ಲಿ ಎರಡನೇ ಪ್ರಶ್ನೆಗೇ ಗೊತ್ತಾಗಿಹೋಗತ್ತೆ. ಅದಕ್ಕಿಂತ ನೀವು ನಿಂತಿರೋ ಜಾಗದಲ್ಲೇ ಪ್ರಾಜೆಕ್ಟ್ ಇದೆ, ಸೆಟಪ್ ಟೈಮ್ ತಗೊಳ್ಳಿ. ಒಂದು ಜಾಬ್ ಮುಗಿದ ಕೊನೇ ಪೀಸಿಂದ ಮುಂದಿನ ಜಾಬಿನ ಮೊದಲ ಓಕೆ ಪೀಸ್ ಬರೋವರೆಗೆ ಏನೇನು ನಡಿಯತ್ತೆ ಅಂತ ಫೋನಲ್ಲಿ ವಿಡಿಯೋ ಮಾಡ್ಕೊಳ್ಳಿ, ಮೊಬೈಲ್ ಬಿಡಲ್ಲ ಅಂದ್ರೆ ಗಡಿಯಾರ ನೋಡಿ ಬರ್ಕೊಳ್ಳಿ. ಫಿಕ್ಸ್‌ಚರ್ ಹುಡುಕಕ್ಕೆ ಎಷ್ಟು, ಟೂಲ್ ಕ್ರಿಬ್‌ಗೆ ಹೋಗಿ ಬರಕ್ಕೆ ಎಷ್ಟು, ವೈಸ್ ಡಯಲ್ ಮಾಡಕ್ಕೆ ಎಷ್ಟು, ಆಫ್‌ಸೆಟ್ ಹಾಕಕ್ಕೆ ಎಷ್ಟು, ಕ್ವಾಲಿಟಿ ಅಪ್ರೂವಲ್‌ಗೆ ಕಾಯೋದು ಎಷ್ಟು. ಇದರಲ್ಲಿ ಮೆಷಿನ್ ನಿಂತಾಗಲೇ ಮಾಡ್ಬೇಕಾದ್ದು ಯಾವುದು, ಓಡ್ತಿರೋವಾಗಲೇ ಮುಗಿಸ್ಬೋದಾದ್ದು ಯಾವುದು ಅಂತ ಬೇರೆ ಮಾಡಿ. ಜಪಾನಿನ ಶಿಗಿಯೋ ಶಿಂಗೋ ಸೆಟಪ್ ಟೈಮ್ ಕಮ್ಮಿ ಮಾಡಕ್ಕೆ ಅಂತ ಕಟ್ಟಿದ ಎಸ್‌ಎಂಇಡಿ ವಿಧಾನದ ತಿರುಳೇ ಇದು. ಟೂಲ್‌ಗಳನ್ನ ಮೊದಲೇ ಪ್ರೀಸೆಟ್ ಮಾಡಿ ಟ್ರಾಲಿಲಿ ಜೋಡಿಸಿಡೋದು, ಫಿಕ್ಸ್‌ಚರಿಗೆ ಲೊಕೇಟಿಂಗ್ ಪಿನ್ ಹಾಕೋದು ಇಂಥ ಎರಡು ಬದಲಾವಣೆ ಮಾಡಿ ಮತ್ತೆ ಅಳೆದು ಮುಂಚೆ ಎಷ್ಟಿತ್ತು, ಈಗ ಎಷ್ಟಾಯ್ತು ಅಂತ ಪಕ್ಕಪಕ್ಕ ಇಟ್ಟು ತೋರಿಸಿ. ಖರ್ಚು ಹೆಚ್ಚೇನಿಲ್ಲ, ಟೈಮ್ ಬೇರೆ ಹುಡುಕ್ಬೇಕಿಲ್ಲ, ಕಂಪ್ನಿಗೂ ಲಾಭ ಕಾಣ್ಸತ್ತೆ. ಶುರು ಮಾಡೋ ಮುಂಚೆ ಮ್ಯಾನೇಜರ್ ಹತ್ರ ಲಿಖಿತ ಅನುಮತಿ ತಗೊಳ್ಳಿ, ರಿಪೋರ್ಟಲ್ಲಿ ಹಾಕೋ ಡ್ರಾಯಿಂಗಿಂದ ಕಸ್ಟಮರ್ ಹೆಸರು, ಪಾರ್ಟ್ ನಂಬರ್ ತೆಗೆದುಬಿಡಿ, ಗೈಡ್‌ಗೆ ಕೊಡೋ ಮುಂಚೆ ಆ ಪುಟಗಳನ್ನ ಮ್ಯಾನೇಜರಿಗೆ ಒಂದ್ಸಲ ತೋರಿಸಿ ಸಹಿ ಹಾಕಿಸ್ಕೊಳ್ಳಿ.